ಆನಾ ಮೆಂಡಿಯೆಟಾ ಅವರ ಸಿಲುಯೆಟಾಗಳು: ಮಣ್ಣಿನಲ್ಲಿ ಮೈಯ ಗುರುತು ಮೂಡಿಸಿದ್ದು ಹೇಗೆ?

ಕಾವಿಗೆರೆ

ದೃಶ್ಯಕಲೆ ಓದುವ ಮಕ್ಕಳಿಗೆ, ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಲಾವಿದೆ ಆನಾ ಮೆಂಡಿಯೆಟಾ ಅವರು ಮಣ್ಣು, ಮರಳು, ಬೆಂಕಿಯಲ್ಲಿ ಮೈಯ ಆಕಾರ ಮೂಡಿಸಿದ ಸಿಲುಯೆಟಾ ಸರಣಿ ಹೇಳಿಕೊಡಬೇಕಾಗಿದೆ. ಸಿಲುಯೆಟಾ ಅಂದರೆ ಸ್ಪ್ಯಾನಿಷ್‌ನಲ್ಲಿ ಮೈಯ ಹೊರಗೆರೆ, ನೆರಳಿನಂಥ ಆಕಾರ. ಸಿಗುವ ಬರಹಗಳಲ್ಲೆಲ್ಲ ಸ್ತ್ರೀವಾದ, ಭೂತಾಯಿ, ನಶ್ವರತೆ ಎಂಬ ಮೂರೇ ಪದ ಗಿರಕಿ ಹೊಡೆಯುತ್ತವೆ. ಕೈಕೆಲಸದ ಮಾತೇ ಇಲ್ಲ. ಒಂದು ದಿನದ ಕಾರ್ಯಾಗಾರದಲ್ಲಿ ಮಕ್ಕಳು ಆ ವಿಧಾನಗಳನ್ನು ತಾವೇ ಮಾಡಿ ನೋಡಲಿ ಅಂತ ಆಸೆ. ನಕಲು ತೆಗೆಯಲು ಅಲ್ಲ, ಅರ್ಥವಾಗಲಿ ಎಂದು.

ಪ್ರತಿ ಸಲವೂ ಆಕೆ ತಾನೇ ಮಲಗುತ್ತಿದ್ದರೇ? ಅಲೆ ಬಂದು ಅಳಿಸುವ ಕೃತಿಗೆ ಜಾಗ ಆರಿಸುವುದು ಹೇಗೆ? ಮಣ್ಣಿನ ಆಕೃತಿ ಕುತ್ತಿಗೆಯ ಹತ್ತಿರವೇ ಬಿರಿಯುವುದು ಯಾಕೆ? ಉಳಿದಿರುವ ಫೋಟೊವನ್ನು ಕೃತಿ ಅನ್ನಬೇಕೋ, ದಾಖಲೆ ಅನ್ನಬೇಕೋ? ತಿಳಿದವರು ಬಿಡಿಸಿ ಹೇಳಿ.

ಹೊಸ್ತಿಲು

ಮೇಡಂ, ಮಣ್ಣು ಕಲಸುವ ಮೊದಲು ಇಸವಿಗಳನ್ನು ಸಾಲಾಗಿ ಇಟ್ಟುಕೊಳ್ಳಿ. ವಿಧಾನ ಯಾಕೆ ಬದಲಾಗುತ್ತ ಹೋಯಿತು ಅನ್ನುವುದು ಅಲ್ಲೇ ಕಾಣುತ್ತದೆ.

ಹುಟ್ಟಿದ್ದು 1948ರ ನವೆಂಬರ್ 18, ಹವಾನಾದಲ್ಲಿ. ಕ್ಯೂಬಾ ಕ್ರಾಂತಿಯ ನಂತರ ಅಪ್ಪ ಅಮ್ಮ ಅಲ್ಲೇ ಉಳಿದು ಮಕ್ಕಳನ್ನಷ್ಟೇ ವಿಮಾನ ಹತ್ತಿಸಿದ ‘ಆಪರೇಷನ್ ಪೀಟರ್ ಪ್ಯಾನ್’ನಲ್ಲಿ 14,000ಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ಅವರಲ್ಲಿ ಆನಾ ಮತ್ತು ಅಕ್ಕ ರಾಕೆಲಿನ್ ಇದ್ದರು. ಅದು 1961, ಆನಾಗೆ ಹನ್ನೆರಡು. ಬೆಳೆದದ್ದು ಅಯೋವಾ ರಾಜ್ಯದ ಅನಾಥಾಲಯ ಮತ್ತು ಸಾಕುಮನೆಗಳಲ್ಲಿ. ಅಮ್ಮ ಬಂದು ಸೇರಿದ್ದು 1966ರಲ್ಲಿ. ಕ್ಯೂಬಾದ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದ ಅಪ್ಪ ಅಮೆರಿಕ ತಲುಪಿದ್ದು 1979ರಲ್ಲಿ.

ಅಯೋವಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ ಮುಗಿಸಿ ಕುಂಚ ಕೆಳಗಿಟ್ಟರು. ಅಲ್ಲೇ ಹಾನ್ಸ್ ಬ್ರೇಡರ್ 1968ರಲ್ಲಿ ಶುರುಮಾಡಿದ್ದ ‘ಇಂಟರ್‌ಮೀಡಿಯಾ’ ವಿಭಾಗಕ್ಕೆ ಸೇರಿದರು. ಚಿತ್ರ, ನಾಟಕ, ಸಿನಿಮಾ, ಶಿಲ್ಪ ಅಂತ ಗೋಡೆ ಇಲ್ಲದ ಜಾಗ ಅದು.

ಸಿಲುಯೆಟಾಗೆ ಬರುವ ಮೊದಲು ಮಕ್ಕಳಿಗೆ 1973ರ ‘ಮಾಫಿಟ್ ಬಿಲ್ಡಿಂಗ್ ಪೀಸ್’ ತೋರಿಸಿ. ಅಯೋವಾ ಸಿಟಿಯ ಒಂದು ಬಾಗಿಲ ಮುಂದೆ, ಕಾಲುದಾರಿಯ ಮೇಲೆ, ರಕ್ತ ಮತ್ತು ಮಾಂಸದ ಚೂರುಗಳು. ಬಾಗಿಲ ಅಡಿಯಿಂದ ಹರಿದು ಬಂದ ಹಾಗೆ. ಹೋಗಿ ಬರುವವರು ಏನು ಮಾಡುತ್ತಾರೆ ಎಂದು ಕಾರಿನೊಳಗಿಂದ ಚಿತ್ರೀಕರಣ. ಒಬ್ಬ ಹೆಂಗಸು ಛತ್ರಿಯ ತುದಿಯಿಂದ ಕೆದಕಿ ನೋಡುತ್ತಾಳೆ. ಹೆಚ್ಚಿನವರು ದಾಟಿ ಹೋಗುತ್ತಾರೆ. ಕೊನೆಗೆ ಒಬ್ಬ ಅದನ್ನು ರಟ್ಟಿನ ಡಬ್ಬಕ್ಕೆ ತುಂಬಿ ತೆಗೆಯುತ್ತಾನೆ. ಅಲ್ಲಿ ಮೈ ಇಲ್ಲ, ಮೈಗೆ ಏನೋ ಆಗಿದೆ ಎಂಬ ಗುರುತಷ್ಟೇ ಇದೆ. ಸಿಲುಯೆಟಾದ ಬೇರು ಇದು ಅಂತ ನನ್ನ ಖಚಿತ ಅಭಿಪ್ರಾಯ. ಭೂತಾಯಿಯಿಂದ ಪಾಠ ಶುರುಮಾಡಿದರೆ ಈ ಬೇರು ಕೈತಪ್ಪುತ್ತದೆ.

ಜೇಡಿ

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಪ್ರತಿ ಸಲ ಮಲಗುತ್ತಿರಲಿಲ್ಲ.

ಮೊದಲನೆಯದರಲ್ಲಿ ಮಲಗಿದರು. 1973ರ ಬೇಸಿಗೆ, ಮೆಕ್ಸಿಕೋದ ವಹಾಕಾ ಪ್ರಾಂತ, ಯಾಗುಲ್ ಎಂಬಲ್ಲಿನ ಝಪೊಟೆಕ್ ಜನರ ಹಳೆಯ ಸಮಾಧಿ. ಮೇಲ್ಚಪ್ಪಡಿ ಇಲ್ಲದ ಆ ಕಲ್ಲಿನ ಗುಂಡಿಯಲ್ಲಿ ಬತ್ತಲೆ ಮಲಗಿ, ಸಂತೆಯಿಂದ ತಂದ ಬಿಳಿ ಹೂಗಳನ್ನು ಮೈಮೇಲೆ ಇಡಿಸಿಕೊಂಡರು. ಫೋಟೊ ತೆಗೆದದ್ದು ಬ್ರೇಡರ್. ಹತ್ತಿರದಿಂದ ನೋಡಿ: ಹೂ ಮೈಮೇಲೆ ಸುರಿದಂತೆ ಕಾಣುವುದಿಲ್ಲ. ಸಣ್ಣ ಹೂವಿನ ಉದ್ದ ಕಡ್ಡಿಗಳು ತೋಳಿನ ಸಂದು, ತೊಡೆಯ ಸಂದುಗಳಿಂದ ಮೇಲೆದ್ದಿವೆ. ಮುಖ ಮುಚ್ಚಿದೆ, ಕೈಕಾಲು ಕಾಣುತ್ತವೆ. ಗಿಡ ಮೈಯಿಂದಲೇ ಹುಟ್ಟಿತು ಅನ್ನಿಸುವುದು ಕಡ್ಡಿ ನಿಲ್ಲಿಸಿದ ಆ ಕೋನದಿಂದ. ಬಿಡಿ ಎಸಳು ಹಾಕಿದ್ದರೆ ಅದು ಶವದ ಮೇಲಿನ ಹೂವಾಗಿಬಿಡುತ್ತಿತ್ತು.

ಆಮೇಲೆ ಮೆಲ್ಲಗೆ ಮೈ ಚಿತ್ರದಿಂದ ಆಚೆ ಹೋಗುತ್ತದೆ. 1975ರ ನಂತರ ಹೆಚ್ಚಿನವುಗಳಲ್ಲಿ ಆಕಾರ ಮಾತ್ರ: ತೋಡಿದ್ದು, ಉಬ್ಬಿಸಿದ್ದು, ಸುಟ್ಟದ್ದು, ಹಿಮದಲ್ಲಿ ಕೊರೆದದ್ದು. ನಡುವೆ ಮೈ ತಿರುಗಿ ಬರುವುದೂ ಉಂಟು. 1976ರ ‘ಜೀವವೃಕ್ಷ’ದಲ್ಲಿ ಅಯೋವಾದ ಓಲ್ಡ್ ಮ್ಯಾನ್ಸ್ ಕ್ರೀಕ್ ಎಂಬ ಹಳ್ಳದ ಪಕ್ಕ ಮೈಗೆಲ್ಲ ಕೆಸರು ಮೆತ್ತಿಕೊಂಡು ದೊಡ್ಡ ಮರಕ್ಕೆ ಬೆನ್ನುಕೊಟ್ಟು ನಿಂತಿದ್ದಾರೆ, ಕೈ ಎತ್ತಿ. ಕೆಸರಿಗೆ ಹುಲ್ಲು ಬೆರೆತಿರುವುದರಿಂದ ತೊಗಟೆಗೂ ಚರ್ಮಕ್ಕೂ ಒಂದೇ ಒರಟುತನ ಬಂದಿದೆ.

ಮುಖ್ಯವಾಗಿ ಎರಡು ಭಂಗಿ: ಕೈ ಮೇಲೆತ್ತಿ ಕಾಲು ಜೋಡಿಸಿದ್ದು, ಕೈಗಳನ್ನು ಮೈಗೆ ಅಂಟಿಸಿ ಶವಪೆಟ್ಟಿಗೆಯಷ್ಟೇ ಆಗಿರುವುದು. ಆಕೆಯ ಎತ್ತರ ಐದಡಿಯ ಆಸುಪಾಸು. ಆದ್ದರಿಂದ ಆಕಾರಗಳೂ ಚಿಕ್ಕವು. ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಅದೇ ಕಾಲದಲ್ಲಿ ನೆಲದಲ್ಲೇ ಕೃತಿ ಮಾಡಿದ ಅಮೆರಿಕದ ಇನ್ನಿಬ್ಬರು ಕಲಾವಿದರನ್ನು ನೋಡಿ. ರಾಬರ್ಟ್ ಸ್ಮಿತ್‌ಸನ್ ಕಲ್ಲುಮಣ್ಣಿನಿಂದ ಕಟ್ಟಿದ ಸುರುಳಿ ‘ಸ್ಪೈರಲ್ ಜೆಟ್ಟಿ’ 460 ಮೀಟರ್ ಉದ್ದ. ಮೈಕೆಲ್ ಹೈಝರ್ ‘ಡಬಲ್ ನೆಗೆಟಿವ್’ಗಾಗಿ 2,40,000 ಟನ್ ಕಲ್ಲುಮಣ್ಣು ಸರಿಸಿದರು. ಅವರಿಗೆ ಬುಲ್ಡೋಜರ್ ಬೇಕಿತ್ತು, ಇವರಿಗೆ ಗುದ್ದಲಿ ಸಾಕಿತ್ತು.

ಈಗ ಕುತ್ತಿಗೆಯ ಬಿರುಕು. ಎರಡು ಕಾರಣ. ಒಂದು, ಕುತ್ತಿಗೆ ಕಿರಿದು, ಬೇಗ ಒಣಗುತ್ತದೆ. ಒಂದು ಕಡೆ ತಲೆ, ಇನ್ನೊಂದು ಕಡೆ ಹೆಗಲು ಇನ್ನೂ ಹಸಿಯಾಗಿದ್ದು ಆಮೇಲೆ ಕುಗ್ಗುತ್ತ ಎರಡೂ ಕಡೆ ಎಳೆಯುತ್ತವೆ. ಎರಡು, ಕೆಳಗಿನ ನೆಲ ಒಣಗಿಯೇ ಇದೆ, ಅದು ಕುಗ್ಗುವುದಿಲ್ಲ. ಅದಕ್ಕೆ ಅಂಟಿದ ಹಸಿಮಣ್ಣು ಕುಗ್ಗಲೇಬೇಕು. ಆ ಜಗ್ಗಾಟ ಕಿರಿದಾದ ಕಡೆ ಹರಿಯುತ್ತದೆ.

ಹೀಗೆ ಮಾಡಿ. ಮಣ್ಣಿನ ಸಣ್ಣ ಪಟ್ಟಿ ತಟ್ಟಿ, ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಗೀಚಿ, ನೆರಳಲ್ಲಿ ಎರಡು ದಿನ ಒಣಗಿಸಿ ಅಳೆಯಿರಿ. 9.5ಕ್ಕೆ ಇಳಿದಿದ್ದರೆ 5 ಪರ್ಸೆಂಟ್ ಕುಗ್ಗಿದೆ, ನಡೆಯುತ್ತದೆ. ಅದಕ್ಕಿಂತ ಹೆಚ್ಚು ಕುಗ್ಗಿದರೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು, ಜೊತೆಗೆ ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲು ಎರಡು ಮೂರು ಹಿಡಿ ಸೇರಿಸಿ ತುಳಿದು ಹದ ಮಾಡಿ. ನೆಲಕ್ಕೆ ಹಿಂದಿನ ಸಂಜೆಯೇ ನೀರು ಕುಡಿಸಿ, ಕುರ್ಪಿಯಿಂದ ಗೀರಿ. ಕುತ್ತಿಗೆ ನಿಜವಾದ ಅಗಲದಲ್ಲೇ ಬೇಡ, 11 ಸೆಂ.ಮೀ. ಇರುವಲ್ಲಿ 15 ಮಾಡಿ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಒಂದು ರಾತ್ರಿ ಬಿಟ್ಟು ತೆಗೆಯಿರಿ.

ಮಣ್ಣೆಷ್ಟು ಬೇಕು: 150 ಸೆಂ.ಮೀ. ಉದ್ದದ ಆಕಾರದ ವಿಸ್ತೀರ್ಣ ಹೆಚ್ಚುಕಮ್ಮಿ ಅರ್ಧ ಚದರ ಮೀಟರ್. 8 ಸೆಂ.ಮೀ. ದಪ್ಪಕ್ಕೆ 40 ಲೀಟರ್, ಅಂದರೆ ಹಸಿಯಾಗಿ 70 ಕೆ.ಜಿ. ಹತ್ತಿರ. ಐದಾರು ಬಾಣಲಿ ತುಂಬಾ ಮಣ್ಣು ಒಂದು ಆಕೃತಿಗೆ.

ಎರಿಹೊಲ

ಜೇಡಿ ಅವರು ಹೇಳಿದ್ದು ಕೆಂಪುಮಣ್ಣಿಗೆ ಸರಿ ಐತ್ರಿ. ನಮ್ಮ ಕಡೆ ಎರಿಮಣ್ಣಾಗ ಮಾಡೋರು ಬಿರುಕು ತಡೀಲಿಕ್ಕೆ ಹೋಗಬ್ಯಾಡ್ರಿ. ಒಂದಕ್ಕೊಂದು ಮರಳು ಹಾಕಿದ್ರೂ ಅದು ಬಿರಿಯೂದ ಬಿಡೂದಿಲ್ಲ. ಉಬ್ಬಿಸೂದು ಬಿಟ್ಟು ತೋಡ್ರಿ. ಒಂದು ಗೇಣು ಆಳ ತೋಡಿ ಅಂಚು ಹಲಗಿ ತುಂಡಿನಿಂದ ಬಡದು ಗಟ್ಟಿ ಮಾಡ್ರಿ. ನಾಕೈದು ದಿನಕ್ಕ ಆಕಾರದ ಒಳಗಿಂದ ಹೊರಗ ಬಿರುಕು ಹರೀತಾವ. ದಿನಾ ಒಂದ ಹೊತ್ತಿಗೆ, ಒಂದ ಜಾಗಾದಾಗ ನಿಂತು ಫೋಟೊ ತಗೀರಿ. ಮಕ್ಕಳಿಗೆ ಕಲಿಲಿಕ್ಕೆ ಅದs ಚೊಲೊ.

ಕಡಲಂಚು

ಅಲೆಯ ಕೃತಿ ಬಗ್ಗೆ. ನೀವು ಕೇಳುತ್ತಿರುವುದು 1976ರಲ್ಲಿ ಮೆಕ್ಸಿಕೋದ ಪೆಸಿಫಿಕ್ ತೀರದ ಲಾ ವೆಂಟೋಸಾದಲ್ಲಿ ಮಾಡಿದ್ದು ಅಂದುಕೊಂಡಿದ್ದೇನೆ. ಒದ್ದೆ ಮರಳಲ್ಲಿ ಕೈಯೆತ್ತಿದ ಆಕಾರ ತೋಡಿ, ಒಳಗೆ ಕೆಂಪು ಬಣ್ಣದ ಪುಡಿ ತುಂಬಿ, ನೀರು ಬಂದು ಒಯ್ಯುವುದನ್ನು ಹಂತ ಹಂತವಾಗಿ ಸ್ಲೈಡ್‌ಗಳಲ್ಲಿ ಹಿಡಿದದ್ದು. ಮೊದಲ ಚಿತ್ರದಲ್ಲಿ ಅಂಚು ಚೂಪು, ಕೆಂಪು ಗಟ್ಟಿ. ಆಮೇಲೆ ನೀರು ಒಳಗೆ ನಿಂತು ಕೆಂಪು ಕೊಳ. ಕೊನೆಗೆ ಎಲ್ಲಿತ್ತು ಅನ್ನುವುದಕ್ಕೆ ಒಂದು ತಗ್ಗು ಮಾತ್ರ.

ಅಂಚು ನಿಲ್ಲುವುದೇ ಕಷ್ಟ. ಒಣ ಮರಳು ಗೋಡೆಯಾಗಿ ನಿಲ್ಲದು, 30-35 ಡಿಗ್ರಿ ಇಳಿಜಾರಿಗೆ ಜಾರಿಬಿಡುತ್ತದೆ. ನೀರು ತುಂಬಿದ ಮರಳು ಅಂಬಲಿಯಂತೆ ಕರಗುತ್ತದೆ. ನಡುವಿನ ಹದ ಬೇಕು: ನೀರು ಇಳಿದು ಸುಮಾರು ಒಂದು ಗಂಟೆಯಾದ, ಕಾಲಿಟ್ಟರೆ ಹೆಜ್ಜೆಯ ಸುತ್ತ ಬಿಳಿಚಿ ಮತ್ತೆ ಒದ್ದೆಯಾಗುವ ಪಟ್ಟಿ. ಅಲ್ಲಿ 10 ಸೆಂ.ಮೀ. ತೋಡಿದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ. 20 ತೋಡಿದರೆ ಕೆಳಗಿಂದ ನೀರು ಜಿನುಗಿ ಬುಡ ಕುಸಿಯುತ್ತದೆ. ಮಕ್ಕಳು ಮಾಡುವ ತಪ್ಪು ಇದೇ, ಆಳ ಹೆಚ್ಚು ಮಾಡುವುದು.

ಸಮಯ: ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಎರಡು ಉಬ್ಬರವೂ ಒಂದೇ ಎತ್ತರ ಇರುವುದಿಲ್ಲ. ಇಳಿತ ಮುಗಿದು ನೀರು ಮೇಲೇರಲು ತೊಡಗುವ ಮುಂಚೆ ಆಕಾರ ಸಿದ್ಧವಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಬೇಗ ಏರುತ್ತದೆ, ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಬಹುದು. ಅಷ್ಟಮಿ ಆಸುಪಾಸಿನಲ್ಲಿ ನಿಧಾನ, ಒಂದೊಂದು ಹಂತವೂ ಚಿತ್ರಕ್ಕೆ ಸಿಗುತ್ತದೆ. ಕಾರ್ಯಾಗಾರಕ್ಕೆ ಅಷ್ಟಮಿಯೇ ವಾಸಿ. ಆಕೃತಿಯ ಕಾಲು ಕಡಲ ಕಡೆಗಿರಲಿ. ತಲೆ ಕಡಲ ಕಡೆಗಿದ್ದರೆ ಮೊದಲ ಅಲೆಯೇ ತಲೆ ತೆಗೆದು, ಉಳಿದದ್ದು ಗುರುತೇ ಸಿಗದ ಗುಂಡಿಯಾಗುತ್ತದೆ.

ಬಣ್ಣಕ್ಕೆ ಕೆಮ್ಮಣ್ಣು ಅಥವಾ ಗೋಡೆಗೆ ಬಳಿಯುವ ಜಾಜು. ಕುಂಕುಮ, ಹೋಳಿ ಬಣ್ಣ ಬೇಡವೇ ಬೇಡ, ಅಂಗಡಿಯದು ಹೆಚ್ಚಿನದು ಕೃತಕ ಬಣ್ಣ. 2-3 ಮಿ.ಮೀ. ಪದರಕ್ಕೆ ಒಂದೂವರೆ ಕೆ.ಜಿ. ಬೇಕು. ಒಣಪುಡಿ ಉದುರಿಸಿದರೆ ಮೊದಲ ನೀರಿಗೇ ತೇಲಿ ಕೆನೆಯಂತೆ ಹೋಗುತ್ತದೆ. ಮುಕ್ಕಾಲು ಪಾಲನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಬಳಿದು, ಉಳಿದದ್ದನ್ನು ಮೇಲೆ ಒಣಗಿದ್ದೇ ಉದುರಿಸಿ. ಆಗ ಮೇಲ್ಪದರ ಹೋದರೂ ಅಡಿಯ ಕೆಂಪು ನಿಲ್ಲುತ್ತದೆ.

ಡಿಸೆಂಬರ್‌ನಿಂದ ಮಾರ್ಚ್ ತನಕ ಕಡಲಾಮೆ ಮೊಟ್ಟೆ ಇಡುವ ತೀರಗಳಲ್ಲಿ ಗುದ್ದಲಿ ಹಾಕಲೇಬೇಡಿ. ಹೊನ್ನಾವರ, ಕುಂದಾಪುರದ ಕಡೆ ಅಂಥ ಜಾಗಗಳಿವೆ. ಊರಿನ ಮೀನುಗಾರರನ್ನು ಮೊದಲು ಕೇಳಿ, ದೋಣಿ ಎಳೆಯುವ ದಾರಿ ಯಾವುದು ಅಂತ ಅವರೇ ತೋರಿಸುತ್ತಾರೆ.

ಕಾವಿಗೆರೆ

ಕಡಲಂಚು ಸರ್, ಕಾಲು ಕಡಲ ಕಡೆಗೆ ಅನ್ನುವುದು ತಲೆಗೆ ಹೊಳೆದೇ ಇರಲಿಲ್ಲ. ಬೆಂಕಿಯ ಕೃತಿಗಳ ಬಗ್ಗೆ ಯಾರಾದರೂ ಹೇಳುತ್ತೀರಾ? ಮಕ್ಕಳು ಮೊದಲು ಕೇಳುವುದೇ ಅದನ್ನು.

ಜೇಡಿ

ಬೆಂಕಿಯಲ್ಲಿ ಮೂರು ಬಗೆ ಇವೆ, ಕಲಸಿಬಿಡಬಾರದು.

1976ರಲ್ಲಿ ವಹಾಕಾದಲ್ಲಿ ಮಾಡಿದ ‘ಆನಿಮಾ’: ಬಿದಿರಿನ ಚೌಕಟ್ಟಿಗೆ ಬಾಣಬಿರುಸು ಕಟ್ಟಿ ಸಂಜೆಗತ್ತಲಲ್ಲಿ ಹೊತ್ತಿಸಿದ್ದು. ಕಟ್ಟಿದ್ದು ಆಕೆಯಲ್ಲ, ಅಲ್ಲಿನ ಹಬ್ಬಗಳಿಗೆ ಬಾಣಬಿರುಸಿನ ಗೋಪುರ ಕಟ್ಟುವ ಊರಿನ ಕಸುಬುದಾರ. ಎರಡನೆಯದು, ನೆಲದಲ್ಲಿ ಅಥವಾ ಮಣ್ಣಿನ ಗುಪ್ಪೆಯಲ್ಲಿ ಆಕಾರ ತೋಡಿ ಅದರೊಳಗೆ ಕರಿಮದ್ದು ಸುರಿದು ಹೊತ್ತಿಸಿದ್ದು. 1979ರ ‘ವೊಲ್ಕಾನ್’ ಈ ಬಗೆಯದು. ಮುಚ್ಚಿಡದ ಮದ್ದು ಸಿಡಿಯದೆ ಭಗ್ಗನೆ ಉರಿದು ದಟ್ಟ ಬಿಳಿ ಹೊಗೆ ಬಿಟ್ಟು, ಅಡಿಯಲ್ಲಿ ಕರಿ ಬೂದಿಯ ಪದರ ಉಳಿಸುತ್ತದೆ. ಕೃತಿಯ ಕೊನೆಯ ರೂಪ ಆ ಕಪ್ಪು. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸುವ ಯೋಚನೆಯೇ ಬೇಡ. ಮದ್ದು ಇಟ್ಟುಕೊಳ್ಳಲು ಪರವಾನಗಿ ಬೇಕು, ಪಟಾಕಿ ಬಿಚ್ಚಿ ಪುಡಿ ತೆಗೆಯುವುದು ಕೈಬೆರಳು ಕಳೆದುಕೊಳ್ಳುವ ದಾರಿ.

ಮೂರನೆಯದು ಮಾಡಬಹುದಾದದ್ದು. 1976ರಲ್ಲಿ ನ್ಯೂಯಾರ್ಕಿನ 112 ಗ್ರೀನ್ ಸ್ಟ್ರೀಟ್ ಎಂಬ ಪ್ರದರ್ಶನ ಜಾಗದಲ್ಲಿ ‘ನ್ಯಾನಿಗೊ ಬರಿಯಲ್’: 47 ಕಪ್ಪು ಮೇಣದಬತ್ತಿಗಳನ್ನು ಮೈಯ ಗೆರೆಯಗುಂಟ ನೆಲದ ಮೇಲೆ ನಿಲ್ಲಿಸಿ ಹಚ್ಚಿದ್ದು. ಕರಗಿದ ಮೇಣವೇ ಕೊನೆಗೆ ಗೆರೆಯಾಗುತ್ತದೆ. ನ್ಯಾನಿಗೊ ಅಂದರೆ ಕ್ಯೂಬಾದಲ್ಲಿ ಆಫ್ರಿಕಾ ಮೂಲದ, ಗಂಡಸರಿಗೆ ಮಾತ್ರ ಪ್ರವೇಶವಿದ್ದ ಒಂದು ಗುಪ್ತ ಬಳಗದವನು. ಆ ಹೆಸರನ್ನು ಒಬ್ಬ ಹೆಂಗಸು ತನ್ನ ಮೈಯ ಆಕಾರಕ್ಕೆ ಇಟ್ಟದ್ದು ಸಣ್ಣ ಮಾತಲ್ಲ.

ಲೆಕ್ಕವೂ ಕೂಡಿಬರುತ್ತದೆ. ಕೈಯೆತ್ತಿದ 150 ಸೆಂ.ಮೀ. ಆಕಾರದ ಸುತ್ತಳತೆ ಸುಮಾರು ನಾಲ್ಕೂವರೆ ಮೀಟರ್. 10 ಸೆಂ.ಮೀ.ಗೆ ಒಂದರಂತೆ ಇಟ್ಟರೆ 45. ಇದಕ್ಕಿಂತ ದೂರ ಇಟ್ಟರೆ ತಲೆ ಹೆಗಲಿನ ತಿರುವು ಕಳೆದುಹೋಗಿ ಬರೀ ಗೋಲಾಕಾರ ಕಾಣುತ್ತದೆ. ಒತ್ತಾಗಿ ಇಟ್ಟರೆ ಪಕ್ಕದ ಬತ್ತಿಯ ಬಿಸಿಗೆ ಇನ್ನೊಂದು ಬಾಗುತ್ತದೆ. ಮಣ್ಣಿನ ಹಣತೆಯಾದರೆ ಬಾಗುವ ತೊಂದರೆ ಇಲ್ಲ. ಹಿಂದಿನ ರಾತ್ರಿ ನೀರಲ್ಲಿ ನೆನೆಸಿ ಒರೆಸಿಡಿ, ಇಲ್ಲದಿದ್ದರೆ ಎಣ್ಣೆಯನ್ನು ಹಣತೆಯೇ ಕುಡಿಯುತ್ತದೆ. ಸುತ್ತ ಒಂದು ಮೀಟರ್ ಒಣಹುಲ್ಲು ಕೆರೆದು ತೆಗೆಯಿರಿ, ಎರಡು ಬಕೆಟ್ ನೀರು ಪಕ್ಕದಲ್ಲಿರಲಿ. ಫೆಬ್ರವರಿಯಿಂದ ಮೇ ತನಕ ಕಾಡಂಚಿನಲ್ಲಿ ಇದೂ ಬೇಡ.

ಇನ್ನೊಂದು ಎಚ್ಚರಿಕೆ. 1974ರಲ್ಲಿ ಯಾಗುಲ್‌ನಲ್ಲೇ ಮೈಮೇಲೆ ಕಲ್ಲು ಪೇರಿಸಿಕೊಂಡು ಉಸಿರಾಟದಿಂದ ಅವು ಕದಲುವ ಒಂದು ಕೃತಿ ಇದೆ. ನೋಡಲು ಸರಳ. ಎದೆಯ ಮೇಲೆ ಭಾರ ಬಿದ್ದರೆ ಉಸಿರು ಒಳಗೆಳೆಯುವುದೇ ಕಷ್ಟವಾಗುತ್ತದೆ, ಕೂಗಲೂ ಆಗುವುದಿಲ್ಲ. ಅದನ್ನು ಚಿತ್ರದಲ್ಲಷ್ಟೇ ತೋರಿಸಿ.

ಹಳೇರೀಲು

ಫೋಟೊ, ಫಿಲ್ಮ್ ವಿಷಯ ನಾನು ಹೇಳುತ್ತೇನೆ. ಆಕೆ ಬಳಸಿದ್ದು 35 ಮಿ.ಮೀ. ಸ್ಲೈಡ್ ಮತ್ತು ಸೂಪರ್ 8 ಸಿನಿಮಾ. ಫಿಲ್ಮ್‌ಗಳ ಲೆಕ್ಕ 104. ಹೆಚ್ಚಿನವು ಮೂರು ನಿಮಿಷದ ಆಸುಪಾಸು, ಮೂಕ. ಮೂರು ನಿಮಿಷ ಯಾಕೆ ಅಂತ ಮಕ್ಕಳು ಕೇಳಬೇಕು. ಸೂಪರ್ 8ರ ಒಂದು ಕಾರ್ಟ್ರಿಜ್‌ನಲ್ಲಿ, ಅಂದರೆ ಫಿಲ್ಮ್ ಡಬ್ಬಿಯಲ್ಲಿ, 50 ಅಡಿ, 3,600 ಫ್ರೇಮು. ಸೆಕೆಂಡಿಗೆ 18 ಫ್ರೇಮಿನಲ್ಲಿ ಓಡಿಸಿದರೆ 3 ನಿಮಿಷ 20 ಸೆಕೆಂಡ್. ಬೆಂಕಿ ಹೊತ್ತಿ ಆರುವುದು, ಹೊಗೆ ಏಳುವುದು, ಅಲೆ ಬಂದು ಹೋಗುವುದು ಆ ಅಳತೆಯೊಳಗೆ ಮುಗಿಯಬೇಕು. ಕೃತಿಯ ಆಯುಷ್ಯಕ್ಕೂ ಕಾರ್ಟ್ರಿಜ್‌ನ ಉದ್ದಕ್ಕೂ ನಂಟಿದೆ.

ಆ ಕಾಲದ ಮಾಮೂಲಿ ಸೂಪರ್ 8 ಬಣ್ಣದ ಫಿಲ್ಮ್ ಕೊಡಾಕ್ರೋಮ್ 40. ಅದು ದೀಪದ ಬೆಳಕಿಗೆ ಮಾಡಿದ್ದು. ಬಿಸಿಲಲ್ಲಿ ಕ್ಯಾಮೆರಾದೊಳಗಿನ ಕಿತ್ತಳೆ ಫಿಲ್ಟರ್ ಹಾಕಿದರೆ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, 40ರಿಂದ 25ಕ್ಕೆ ಇಳಿಯುತ್ತದೆ. ಅಷ್ಟು ಮಂದ ಫಿಲ್ಮ್‌ನಲ್ಲಿ ಮುಸ್ಸಂಜೆಯ ಬೆಂಕಿ ತೆಗೆದರೆ ಜ್ವಾಲೆ ಮಾತ್ರ ಮೂಡಿ ಸುತ್ತಲಿನ ಊರೆಲ್ಲ ಕಪ್ಪಾಗುತ್ತದೆ. ಕತ್ತಲಲ್ಲಿ ತೇಲುವ ಉರಿಯುವ ಹೆಂಗಸು ಅನ್ನಿಸುವುದರಲ್ಲಿ ಫಿಲ್ಮಿನ ಪಾಲೂ ಇದೆ. ಹಿಮದ ಕೃತಿಗೆ ಉಲ್ಟಾ: ಬೆಳಕು ಅಳೆಯುವ ಮೀಟರು ಬಿಳಿಯನ್ನು ನೋಡಿ ಬೆಳಕು ಜಾಸ್ತಿ ಅಂದುಕೊಂಡು ಕಡಿಮೆ ಬಿಡುತ್ತದೆ, ಹಿಮ ಬೂದುಬಣ್ಣ ಆಗುತ್ತದೆ. ಒಂದೂವರೆಯಿಂದ ಎರಡು ಸ್ಟಾಪ್ ತೆರೆಯಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ನಮ್ಮ ಬಿಳಿ ಮರಳಿಗೂ ಒಂದು ಸ್ಟಾಪ್ ತೆರೆಯಿರಿ.

ಮೊಬೈಲಲ್ಲಿ ತೆಗೆಯುವವರಿಗೆ: ಸ್ಟ್ಯಾಂಡ್ ಮೇಲಿಡಿ, ಬೆಳಕು ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಅಲೆಯ ಬಿಳಿ ನೊರೆ ಬಂದಾಗಲೆಲ್ಲ ಚಿತ್ರ ಕಪ್ಪಾಗಿ, ಹೋದಾಗ ಬೆಳ್ಳಗಾಗಿ ಕಣ್ಣು ಹೊಡೆಯುತ್ತದೆ. ನಡುವೆ ನಿಲ್ಲಿಸಬೇಡಿ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಮಿತಿಯನ್ನು ಮಕ್ಕಳಿಗೂ ಹಾಕಿ, ಯಾವಾಗ ಶುರುಮಾಡಬೇಕು ಎಂಬ ಯೋಚನೆ ಆಗ ಹುಟ್ಟುತ್ತದೆ.

ಚೌಕಟ್ಟಿನ ವಿಷಯ ಬಹಳ ಮುಖ್ಯ. ಆಕೆಯ ಎಷ್ಟೋ ಚಿತ್ರಗಳಲ್ಲಿ ಆಕಾಶದ ಗೆರೆಯೇ ಇಲ್ಲ. ಮೇಲಿಂದ ಓರೆಯಾಗಿ ನೋಡಿದ ನೆಲ ಮಾತ್ರ. ಹಾಗಾಗಿ ಆಕೃತಿ ಒಂದು ಅಡಿಯದೋ ಹತ್ತು ಅಡಿಯದೋ ತಿಳಿಯದು. ಆಕಾಶ ಬಂದರೆ ಅದು ನಿಸರ್ಗದ ಚಿತ್ರವಾಗುತ್ತದೆ. ಅಳತೆಗಾಗಿ ಪಕ್ಕದಲ್ಲಿ ಚಪ್ಪಲಿ, ಸ್ಕೇಲು ಇಟ್ಟು ಬೇರೆಯೇ ಒಂದು ಫೋಟೊ ತೆಗೆದಿಡಿ.

ಹೊಸ್ತಿಲು

ಕೃತಿಯೋ ದಾಖಲೆಯೋ ಅಂದಿರಿ. ಆಕೆ ಒಂದೊಂದು ಸಿಲುಯೆಟಾಗೂ ಹಲವು ಸ್ಲೈಡ್ ತೆಗೆದು ಒಂದೆರಡನ್ನೇ ಆರಿಸಿ ಮುದ್ರಿಸಿ ಪ್ರದರ್ಶನಕ್ಕೆ ಇಡುತ್ತಿದ್ದರು. ಆರಿಸಿ, ಅಳತೆ ಗೊತ್ತುಮಾಡಿ, ಗೋಡೆಗೆ ಹಾಕಿದ ಮೇಲೆ ಅದನ್ನು ಬರೀ ದಾಖಲೆ ಅನ್ನಲಾಗದು. ಮ್ಯೂಸಿಯಂ ಚೀಟಿಗಳನ್ನು ಮಾತ್ರ ಎಚ್ಚರದಿಂದ ಓದಿ. ಬದುಕಿದ್ದಾಗ ಮುದ್ರಿಸಿದವು ಬೇರೆ, ತೀರಿಕೊಂಡ ಮೇಲೆ ವಾರಸುದಾರರು ಸ್ಲೈಡ್‌ಗಳಿಂದ ಮುದ್ರಿಸಿದವು ಬೇರೆ. ಕೃತಿಯ ಇಸವಿ ಒಂದೇ ಇದ್ದರೂ ಕಾಗದದ ಇಸವಿ ಬೇರೆ ಇರುತ್ತದೆ. ಯಾವ ಚಿತ್ರವನ್ನು ಆಕೆ ಆರಿಸಿದ್ದರು, ಯಾವುದನ್ನು ನಂತರದವರು ಆರಿಸಿದರು ಎಂಬುದು ಇದರಿಂದಲೇ ತಿಳಿಯುತ್ತದೆ.

ನೇತ್ರಾವತಿ

ತುಳುನಾಡಿನ ಮಕ್ಕಳಿಗೆ ಕೆಡ್ಡಸದಿಂದ ಶುರುಮಾಡಿದರೆ ಹೇಗೆ? ಭೂಮಿ ಮುಟ್ಟಾಗುವ ಮೂರು ದಿನ, ನೆಲ ಅಗೆಯುವಂತಿಲ್ಲ, ಕೊನೆಗೆ ಎಣ್ಣೆ ಅರಸಿನ ಕೊಟ್ಟು ಭೂಮಿಗೆ ಮೀಯಿಸುವುದು. ನೆಲವೇ ಹೆಣ್ಣಿನ ಮೈ ಅನ್ನುವುದು ಅವರಿಗೆ ಹೊಸತಲ್ಲ.

ಹೊಸ್ತಿಲು

ಅಕ್ಕಾ, ಬಾಗಿಲು ತೆರೆಯಲು ಒಳ್ಳೆಯದು, ಅಲ್ಲೇ ಕುಳಿತುಬಿಡುವುದು ಬೇಡ. ಕೆಡ್ಡಸ ಆಚರಿಸುವವರಿಗೆ ಆ ನೆಲ ತಮ್ಮದು. ಮೆಂಡಿಯೆಟಾ ಅವರಿಗೆ ತಮ್ಮದೆನ್ನುವ ನೆಲ ಹನ್ನೆರಡಕ್ಕೇ ತಪ್ಪಿತ್ತು. ತಾಯ್ನಾಡಿನಿಂದ ಕಿತ್ತುಹಾಕಿದ ನೋವಿಗೂ ಈ ಕೃತಿಗಳಿಗೂ ಇರುವ ಸಂಬಂಧವನ್ನು ಆಕೆಯೇ ಬರೆದಿದ್ದಾರೆ. ತಾಯಿಯ ಒಡಲಿಗೆ ಮರಳುವ ಮಾತನ್ನೂ ಆಡಿದ್ದಾರೆ, ಆದ್ದರಿಂದ ಭೂತಾಯಿ ಅನ್ನುವುದು ತಪ್ಪಲ್ಲ. ಆದರೆ ಗಡಿಪಾರಿನ ಕಥೆ ಬಿಟ್ಟು ತಾಯಿಯನ್ನಷ್ಟೇ ಇಟ್ಟುಕೊಂಡರೆ, ಹೆಣ್ಣು ಅಂದರೆ ನಿಸರ್ಗ, ಗಂಡು ಅಂದರೆ ಸಂಸ್ಕೃತಿ ಎಂಬ ಹಳೇ ತಕ್ಕಡಿಗೆ ಆಕೆಯನ್ನು ಹಾಕಿದಂತಾಗುತ್ತದೆ. 1980ರ ದಶಕದ ಕೆಲವು ಸ್ತ್ರೀವಾದಿ ವಿಮರ್ಶಕರು ಆಕ್ಷೇಪಿಸಿದ್ದು ಇದನ್ನೇ. ನಾನು ಮಕ್ಕಳಿಗೆ ತೋರಿಸುವುದು ಒಂದನ್ನು: ಆ ಆಕಾರಗಳು ಹೆಚ್ಚಾಗಿ ಟೊಳ್ಳು. ದೇವಿಯ ವಿಗ್ರಹ ತುಂಬಿಕೊಂಡಿರುತ್ತದೆ. ಇಲ್ಲಿರುವುದು ಒಬ್ಬಳು ಇದ್ದು ಹೋದ ಜಾಗ.

ನಮಗೆ ಹತ್ತಿರದ ಕೊಂಡಿ ಬೇಕಿದ್ದರೆ ಅದು ಜರೀನಾ ಹಶ್ಮಿ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಮುದ್ರಣ ಕಲಾವಿದೆ. 1972ರಲ್ಲಿ ಶುರುವಾದ, ಹೆಂಗಸರೇ ನಡೆಸುವ ನ್ಯೂಯಾರ್ಕಿನ ‘ಎ.ಐ.ಆರ್.’ ಎಂಬ ಕಲಾ ಗ್ಯಾಲರಿಗೆ ಮೆಂಡಿಯೆಟಾ 1978ರಲ್ಲಿ ಸೇರಿದರು. 1980ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ‘ಡಯಲೆಕ್ಟಿಕ್ಸ್ ಆಫ್ ಐಸೊಲೇಷನ್’ ಎಂಬ ಪ್ರದರ್ಶನ ಕಟ್ಟಿದವರು ಮೂವರು: ಮೆಂಡಿಯೆಟಾ, ಕಜುಕೊ ಮಿಯಾಮೊಟೊ, ಜರೀನಾ. ಅಮೆರಿಕದಲ್ಲಿದ್ದ ಮೂರನೇ ಜಗತ್ತಿನ ಎಂಟು ಮಂದಿ ಕಲಾವಿದೆಯರು ಅದರಲ್ಲಿದ್ದರು. ಅಮೆರಿಕದ ಸ್ತ್ರೀವಾದ ಬಿಳಿಯ ಮಧ್ಯಮ ವರ್ಗದ ಚಳವಳಿಯಾಗಿಯೇ ಉಳಿದಿದೆ ಎಂದು ಮೆಂಡಿಯೆಟಾ ಅದರ ಕೈಪಿಡಿಯಲ್ಲಿ ಬರೆದರು. ಎರಡು ವರ್ಷಕ್ಕೆ ಆ ಗ್ಯಾಲರಿಯನ್ನೂ ಬಿಟ್ಟರು. ‘ಸ್ತ್ರೀವಾದಿ ಕಲಾವಿದೆ’ ಎಂದು ಹಲಗೆಯ ಮೇಲೆ ಬರೆಯುವಾಗ ಈ ಜಗಳವನ್ನೂ ಹೇಳಲೇಬೇಕು.

ಕಾವಿಗೆರೆ

ಸಾವಿನ ವಿಷಯ ಮಕ್ಕಳು ಹುಡುಕಿ ತಂದೇ ತರುತ್ತಾರೆ. ಹೇಗೆ ಹೇಳುವುದು?

ಹೊಸ್ತಿಲು

ಇದ್ದದ್ದನ್ನು ಇದ್ದ ಹಾಗೆ. 1985ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕಿನಲ್ಲಿ 34ನೇ ಮಹಡಿಯ ಮನೆಯಿಂದ ಬಿದ್ದು ತೀರಿಕೊಂಡರು, 36ರ ವಯಸ್ಸು. ಪತಿ, ಶಿಲ್ಪಿ ಕಾರ್ಲ್ ಆಂಡ್ರೆ ಮೇಲೆ ಕೊಲೆ ಆರೋಪ ಬಂತು. 1988ರಲ್ಲಿ ನ್ಯಾಯಾಧೀಶರು ಖುಲಾಸೆ ಮಾಡಿದರು. ಆಂಡ್ರೆ ಕೃತಿಗಳ ಪ್ರದರ್ಶನಗಳೆದುರು ಮಹಿಳೆಯರು ಪ್ರತಿಭಟಿಸುತ್ತ ಬಂದರು. ಇಷ್ಟು ಸಾಕು. ನೆಲದ ಮೇಲಿನ ಆಕಾರ ಕಂಡು "ತನ್ನ ಸಾವನ್ನು ಮೊದಲೇ ಕಂಡಿದ್ದಳು" ಅನ್ನುವವರಿದ್ದಾರೆ. ಅದು ಆಕೆಯ ದುಡಿಮೆಗೆ ಮಾಡುವ ಅನ್ಯಾಯ. ಸಿಲುಯೆಟಾ ಸರಣಿ ಮುಗಿದದ್ದೇ 1980ರ ಸುಮಾರಿಗೆ, ಆಮೇಲೆ ಆಕೆ ಬೇರೆ ದಿಕ್ಕಿಗೆ ಹೊರಟಿದ್ದರು.

ಆ ದಿಕ್ಕು ಯಾವುದೆಂದರೆ ಗಟ್ಟಿ ಕಲ್ಲು, ಮರ. 1980ರಲ್ಲಿ ಮೊದಲ ಸಲ ಕ್ಯೂಬಾಕ್ಕೆ ಮರಳಿದರು. 1981ರಲ್ಲಿ ಹವಾನಾ ಹತ್ತಿರದ ಹರೂಕೊ ಗುಡ್ಡಗಳ ಸುಣ್ಣಕಲ್ಲಿನ ಗುಹೆಗಳಲ್ಲಿ ಹೆಣ್ಣಿನ ಆಕೃತಿಗಳನ್ನು ಕೊರೆದರು. ಹೆಸರಿಟ್ಟದ್ದು ಸ್ಪ್ಯಾನಿಷರು ಬರುವ ಮೊದಲಿದ್ದ ತಾಯ್ನೊ ಜನರ ದೇವತೆಗಳದ್ದು: ಅತಾಬೆಯ್, ಗಾಳಿಯ ಗ್ವಾಬನ್ಸೆಸ್, ಚಂದ್ರನ ಮರೋಯಾ. ಇಲ್ಲಿ ತನ್ನ ಮೈಯ ಅಳತೆ ಬಿಟ್ಟರು; ಕಲ್ಲಿನಲ್ಲಿ ಆಗಲೇ ಇದ್ದ ಉಬ್ಬು, ತೂತು, ಸೀಳುಗಳನ್ನು ಹಿಡಿದು ಅವಕ್ಕೆ ಗೆರೆ ಕೊಟ್ಟರು. ಸ್ವಂತ ನೆಲಕ್ಕೆ ಕಾಲಿಟ್ಟ ಮೇಲೆ ಮೈಯ ಅಚ್ಚು ಒತ್ತುವ ಅಗತ್ಯ ಬೀಳಲಿಲ್ಲ ಅಂತ ನಾನು ಓದುತ್ತೇನೆ. 1983ರಲ್ಲಿ, ಕಲಾವಿದರು ರೋಮ್‌ನಲ್ಲಿ ಉಳಿದು ಕೆಲಸ ಮಾಡಲು ಕೊಡುವ ರೋಮ್ ಪ್ರಶಸ್ತಿ ಸಿಕ್ಕು ಮೊದಲ ಸಲ ದೊಡ್ಡ ಸ್ಟುಡಿಯೋ ಕೈಗೆ ಬಂದಾಗ ಮರದ ದಿಮ್ಮಿಗಳ ಮೇಲೆ ಕರಿಮದ್ದಿನಿಂದ ಸುಟ್ಟು ಆಕಾರ ಮೂಡಿಸಿದರು. ಆ ಕೆಲಸ ಅರ್ಧಕ್ಕೆ ನಿಂತಿತು.

ಜೇಡಿ

ಹರೂಕೊ ವಿಧಾನ ಕಾಲೇಜಿನಲ್ಲೇ ಮಾಡಿಸಬಹುದು, ಬಂಡೆ ಕೊರೆಯದೆ. ಬಳಪದ ಕಲ್ಲಿನ ತುಂಡು ಒಂದೊಂದು ಕೊಟ್ಟು, ಮೊದಲ ಅರ್ಧ ಗಂಟೆ ಉಳಿ ಮುಟ್ಟದೆ ಕಣ್ಣು ಮುಚ್ಚಿ ಬೆರಳಾಡಿಸಲಿ. ಎಲ್ಲಿ ಉಬ್ಬು ಸಿಕ್ಕಿತೋ ಅಲ್ಲಿ ಇದ್ದಿಲಿನಿಂದ ಗುರುತು. ಆಮೇಲೆ ಕೆತ್ತನೆ ಗುರುತಿನ ಹೊರಗೆ ಮಾತ್ರ, 3-4 ಮಿ.ಮೀ. ಆಳ. ಕೆತ್ತುವಾಗ ಮಾಸ್ಕ್ ಕಟ್ಟಲಿ, ಕಲ್ಲನ್ನು ನೀರು ಚಿಮುಕಿಸಿ ಒದ್ದೆ ಇಡಲಿ, ಬಳಪದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಿಜವಾದ ಗುಡ್ಡದ ಬಂಡೆ, ಹಳೇ ಗುಹೆ, ಶಾಸನದ ಕಲ್ಲಿನ ಹತ್ತಿರ ಉಳಿ ತೆಗೆದುಕೊಂಡೇ ಹೋಗಬಾರದು.

ಕಾವಿಗೆರೆ

ಎಲ್ಲರಿಗೂ ನಮಸ್ಕಾರ. ಒಂದು ದಿನ ಸಾಲದು, ಅಷ್ಟಮಿಯ ದಿನ ಮರಳು, ಮರುದಿನ ಮಣ್ಣು, ಸಂಜೆ ಹಣತೆ ಅಂತ ಗೊತ್ತುಮಾಡುತ್ತೇನೆ. ಕೊನೆಗೆ ಒಂದು: ಮಕ್ಕಳು ಫೋಟೊ ಕೊಡುವಾಗ ಜೊತೆಗೆ ಏನೇನು ಬರೆದುಕೊಡಬೇಕು?

ಹಳೇರೀಲು

ದಿನಾಂಕ, ಜಾಗ, ಮಣ್ಣು ಎಲ್ಲಿಯದು, ತೋಡಿದ್ದೋ ಉಬ್ಬಿಸಿದ್ದೋ, ಉದ್ದ ಅಗಲ ಆಳ, ಶುರುವಾದ ಹೊತ್ತು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಎರಡು: ಆಕಾರ ಗುರುತು ಸಿಗದಂತಾದದ್ದು ಎಷ್ಟು ಹೊತ್ತಿಗೆ, ಯಾವ ಭಾಗ ಮೊದಲು ಹೋಯಿತು. ಅದನ್ನು ಸ್ಥಳದಲ್ಲೇ ಬರೆಸಿ. ಮನೆಗೆ ಹೋದ ಮೇಲೆ ಫೋಟೊ ನೋಡಿ ಬರೆದರೆ ಎಲ್ಲರೂ ತಲೆ ಅಂತಲೇ ಬರೆಯುತ್ತಾರೆ.